ಶಿಸ್ತಿನ ನಾಯಕನ ಊರಲ್ಲಿ ಶೀಟಿನ ದರ್ಬಾರು

ಕದಂಬರು, ಚಾಲುಕ್ಯರು, ಹೊಯ್ಸಳರು, ಕೆಳದಿಯವರು. ಕರ್ನಾಟಕದ ವಾಸ್ತುಶಿಲ್ಪದ ಪಾಠ ಇಲ್ಲಿಗೆ ಮುಗಿಯಿತು ಅಂದುಕೊಂಡವರು ಒಮ್ಮೆ ಶಿವಮೊಗ್ಗಕ್ಕೆ ಬಂದು, ಯಾವುದಾದರೂ ಲಾಡ್ಜಿನ ನಾಲ್ಕನೇ ಮಹಡಿ ಹತ್ತಿ ಸುತ್ತ ಕಣ್ಣಾಡಿಸಬೇಕು. ನಮ್ಮ ಕಾಲದ ಕೊಡುಗೆ ಬಿಸಿಲಿಗೆ ಫಳಫಳ ಹೊಳೆಯುತ್ತಿರುತ್ತದೆ. ಅದರ ಹೆಸರು ಶೀಟ್ ಶೈಲಿ. ಕೆಳಗೆ ಆರ್‌ಸಿಸಿ ತಾರಸಿ, ಅದರ ಮೇಲೆ ಕಬ್ಬಿಣದ ಪೈಪು, ಪೈಪಿನ ಮೇಲೆ ನೀಲಿ ಶೀಟು. ಒಂದೊಂದು ಮನೆಗೂ ಎರಡೆರಡು ಮಾಡು. ಮೊದಲನೆಯದು ಪ್ರತಿಷ್ಠೆಗೆ, ಎರಡನೆಯದು ಮಳೆಗೆ.

ಬೆಂಗಳೂರಿನಿಂದ ನಮ್ಮ ಭಾವ ಈ ಸಲ ವಿಮಾನದಲ್ಲೇ ಬಂದರು. ಸೋಗಾನೆಯಲ್ಲಿ 2023ರಲ್ಲಿ ಉದ್ಘಾಟನೆಯಾದ ನಿಲ್ದಾಣ ಕಮಲದ ಆಕಾರದಲ್ಲಿದೆ, ಅದು ಚೆನ್ನಾಗಿ ಕಾಣುವುದು ಆಕಾಶದಿಂದ. ಆದರೆ ಭಾವನ ಕಣ್ಣು ಬೇರೆ ಕಡೆ ಬಿದ್ದಿತ್ತು. ಕಾರು ಹತ್ತಿದವರೇ, "ಏನಪ್ಪಾ ನಿಮ್ಮೂರು ಇಷ್ಟು ಮುಂದುವರಿದಿದೆ! ಮನೆಮನೆಗೂ ಸ್ವಿಮ್ಮಿಂಗ್ ಪೂಲ್" ಅಂದರು. ಮನೆ ತಲುಪುವವರೆಗೂ ನಾನು ಅವರ ಸಂತೋಷ ಕೆಡಿಸಲಿಲ್ಲ.

ಮಲೆನಾಡಿನಲ್ಲಿ ಮಳೆ ಬರುತ್ತದೆ ಅನ್ನುವ ಸುದ್ದಿ ನಮ್ಮ ಹಿರಿಯರಿಗೆ ಹೇಗೋ ಗೊತ್ತಾಗಿತ್ತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟಿ ಸುರಿಯುವುದನ್ನು ಅವರು ಅಳೆದಿರಲಿಲ್ಲ, ನೆನೆದಿದ್ದರು ಅಷ್ಟೆ. ಅದಕ್ಕೇ ಅಡಿಕೆ ಸೋಗೆ ಹೊದಿಸಿದರು. ಅನುಕೂಲವಿದ್ದವರು ನಾಡಹೆಂಚು ಹೊದಿಸಿದರು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿದ ಮೇಲೆ, ಘಟ್ಟ ಹತ್ತಿ ಮಂಗಳೂರು ಹೆಂಚು ಬಂತು. ಹೊದಿಕೆ ಬದಲಾಯಿತು, ಇಳಿಜಾರು ಮಾತ್ರ ಹಾಗೇ ಉಳಿಯಿತು. ನೀರು ಮೇಲಿಂದ ಕೆಳಕ್ಕೇ ಹರಿಯುತ್ತದೆ ಅನ್ನುವ ಮೂಢನಂಬಿಕೆ ಅವರಿಗೆ.

ನಾವು ಓದಿದವರು. ಹೆಂಚು ಇಳಿಸಿ ಮೋಲ್ಡ್ ಹಾಕಿಸಿದೆವು. ಮೃಗಶಿರೆಗೆ ತಾರಸಿ ಬೆವರಿತು, ಆರಿದ್ರೆಗೆ ಒಸರಿತು, ಪುನರ್ವಸು ಬರುವಷ್ಟರಲ್ಲಿ ದೇವರ ಕೋಣೆಯಲ್ಲಿ ಪುರೋಹಿತರ ಹಂಗಿಲ್ಲದೆ ಅಭಿಷೇಕ ಶುರುವಾಯಿತು. ಕೆಮಿಕಲ್ ಬಳಿಸಿದೆವು, ಟಾರು ಸುರಿದೆವು, ಟಾರ್ಪಾಲು ಎಳೆದೆವು. ಕೊನೆಗೆ ಶೀಟು. ಎತ್ತ ಇಳಿಜಾರು ಮಾಡಿದ್ದೀರಿ ಅಂತ ಕೇಳಿದರೆ, ಅಜ್ಜನ ಕಾಲದ ಮಾಡು ಇಳಿಯುತ್ತಿದ್ದ ಕಡೆಗೇ.

ಊರು ತೋರಿಸಬೇಕೆಂದರೆ ಮೊದಲು ಶಿವಪ್ಪ ನಾಯಕನ ಅರಮನೆ. ಕಟ್ಟಡ ಹೈದರಾಲಿ ಕಾಲದ್ದು ಅನ್ನುವ ಇತಿಹಾಸಕಾರರೂ ಇದ್ದಾರೆ, ನಾವು ನಾಯಕನನ್ನು ಬಿಟ್ಟುಕೊಟ್ಟಿಲ್ಲ. ಹದಿನೇಳನೇ ಶತಮಾನದಲ್ಲಿ ನೆಲದ ಗುಣ ನೋಡಿ, ಬೆಳೆ ನೋಡಿ ಕಂದಾಯ ಗೊತ್ತುಮಾಡಿದ ದೊರೆ. ಅದಕ್ಕೇ ಇವತ್ತಿಗೂ 'ಶಿವಪ್ಪ ನಾಯಕನ ಶಿಸ್ತು' ಅನ್ನುತ್ತೇವೆ. ಅವನು ಶಿಸ್ತು ಹಾಕಿದ, ನಾವು ಶೀಟು ಹಾಕಿದೆವು. ಒಳಗೆ ಅಪ್ಪಿಕೊಂಡರೂ ಕೈಗೆ ಕೈ ಸಿಗದ ಮರದ ಕಂಬಗಳು. ಭಾವ ಕಂಬ ತಟ್ಟಿ ನೋಡಿ, "ಇದು ಫೈಬರ್ರಾ?" ಅಂದರು. ಅವರದು ತಪ್ಪಿಲ್ಲ. ಅವರ ಅಪಾರ್ಟ್‌ಮೆಂಟಿನ ಲಾಬಿಯಲ್ಲಿ ಇಂಥದ್ದೇ ಆರು ನಿಂತಿವೆ.

ಆಮೇಲೆ ಗಾಂಧಿ ಬಜಾರು. ಅಲ್ಲಿ ಫ್ಲೆಕ್ಸ್ ಬೋರ್ಡಿನಿಂದ ಒಂದು ಮೊಳ ಮೇಲಕ್ಕೆ ತಲೆ ಎತ್ತಿದರೆ ಇನ್ನೂ ಅಲ್ಲಲ್ಲಿ ಹಳೇ ಹೆಂಚು, ಮರದ ಸರಳಿನ ಕಿಟಕಿ ಸಿಗುತ್ತವೆ. ಆದರೆ ತಲೆ ಎತ್ತಿ ನಡೆಯುವ ಊರಲ್ಲ ಇದು, ಕಾಲಡಿಗೆ ಚರಂಡಿ ಚಪ್ಪಡಿ ಅಲ್ಲಾಡುತ್ತದೆ. ನೆಹರೂ ರಸ್ತೆಯಲ್ಲಿ ಆ ತಾಪತ್ರಯವಿಲ್ಲ, ಮೇಲೆ ನೋಡಲು ಏನೂ ಉಳಿದಿಲ್ಲ. ಕಿಟಕಿ ಇದ್ದ ಕಡೆಯೆಲ್ಲ ಗಾಜು, ಗಾಜು ಮುಗಿದ ಕಡೆ ಹೊಳೆಯುವ ಹಲಗೆ. ಬಿಸಿಲು ಗಾಜಿಗೆ ಬಡಿಯುತ್ತದೆ, ಒಳಗೆ ಎಸಿ ಗುರ್ರೆನ್ನುತ್ತದೆ, ಮಟಮಟ ಮಧ್ಯಾಹ್ನ ಸೀರೆಯ ಬಣ್ಣ ನೋಡಲು ಟ್ಯೂಬ್‌ಲೈಟ್ ಹಾಕುತ್ತಾರೆ. "ಬೆಳಕಿಗೆ ಹೊರಗೆ ತಂದು ತೋರಿಸಿ" ಅಂದರೆ ಸೇಲ್ಸ್ ಹುಡುಗಿಗೆ ಸಿಟ್ಟು ಬರುತ್ತದೆ.

ಸ್ಮಾರ್ಟ್ ಸಿಟಿ ಪಟ್ಟಿಗೆ ನಾವು 2016ರಲ್ಲೇ ಸೇರಿದ್ದರಿಂದ ಫುಟ್‌ಪಾತಿಗೆ ಕೊರತೆಯಿಲ್ಲ. ಅದರ ಮೇಲೆ ಬೈಕಿಗೂ ಕೊರತೆಯಿಲ್ಲ. ಕಣ್ಣು ಕಾಣದವರಿಗೆ ದಾರಿ ತೋರಲೆಂದು ಹಾಕಿದ ಉಬ್ಬುಗೆರೆಯ ಹಳದಿ ಟೈಲ್ಸ್ ಹಿಡಿದು ನಡೆದೆವು. ಅದು ನಮ್ಮನ್ನು ಒಂದು ಟ್ರಾನ್ಸ್‌ಫಾರ್ಮರ್ ಬುಡಕ್ಕೆ ತಲುಪಿಸಿ ಕೈಮುಗಿಯಿತು.

ದುರ್ಗಿಗುಡಿಯ ಅಡ್ಡರಸ್ತೆಯೊಂದರಲ್ಲಿ ಹೊಸ ಮನೆಯ ಮೋಲ್ಡ್ ಮೇಲೆ ಸಿಮೆಂಟಿನ ಕಟ್ಟೆ ಕಟ್ಟಿ ಕ್ಯೂರಿಂಗ್‌ಗೆ ನೀರು ನಿಲ್ಲಿಸಿದ್ದರು. ಮೂಲೆಮೂಲೆಗೆ ಪೈಪು ಎದ್ದು ನಿಂತಿತ್ತು. ಭಾವನಿಗೆ ಕುತೂಹಲ.

"ಈ ಪೈಪ್ ಯಾಕೆ ಮೇಸ್ತ್ರಿ?"

"ಶೀಟಿಗೆ ಸಾರ್."

"ಮೋಲ್ಡ್ ಇನ್ನೂ ಒಣಗೇ ಇಲ್ಲ, ಸೋರುತ್ತೆ ಅಂತ ಈಗಲೇ ಹೇಗೆ ಗೊತ್ತು?"

"ಸೋರದಿದ್ರೆ ಶೀಟು ಹಾಕಿದ್ದು ದಂಡ ಆಗ್ತದಲ್ಲ ಸಾರ್."

ಎಸ್ಟಿಮೇಟಿನಲ್ಲಿ ಎರಡೂ ಒಂದೇ ಹಾಳೆಯಲ್ಲಿವೆಯಂತೆ. ಶೀಟಿನಡಿ ಏನು ಮಾಡುತ್ತಾರೆ ಅಂತಲೂ ಮೇಸ್ತ್ರಿಯೇ ವಿವರಿಸಿದರು. ಮೊದಲ ವರ್ಷ ಬಟ್ಟೆ ಒಣಗಿಸುತ್ತಾರೆ. ಎರಡನೇ ವರ್ಷ ಅಲ್ಲೇ ನಾಮಕರಣ, ಛತ್ರದ ಬಾಡಿಗೆ ಉಳಿಯಿತು. ಮೂರನೇ ವರ್ಷ ಗಾಳಿ ಜಾಸ್ತಿ ಅಂತ ಎರಡು ಕಡೆ ಗೋಡೆ, ನಾಲ್ಕನೇ ವರ್ಷ ಇನ್ನೆರಡು ಕಡೆ. ಐದನೇ ವರ್ಷ ನರ್ಸಿಂಗ್ ಓದುವ ನಾಲ್ಕು ಮಕ್ಕಳು ಬಾಡಿಗೆಗೆ. ಪ್ಲಾನಿನಲ್ಲಿ ಇಲ್ಲದ ಮಹಡಿ ಹೀಗೆ ಹುಟ್ಟುತ್ತದೆ. ಆ ಮಕ್ಕಳು ಆಷಾಢದ ರಾತ್ರಿ ಶೀಟಿನ ಸದ್ದಿಗೆ ಹೇಗೆ ಓದುತ್ತಾರೋ, ಪಾಸಾದರೆ ಅವರಿಗೆ ಯಾವ ವಾರ್ಡೂ ಗಲಾಟೆ ಅನ್ನಿಸದು.

ಊಟಕ್ಕೆ 'ಅಪ್ಪಟ ಮಲೆನಾಡು' ಅಂತ ಬರೆದುಕೊಂಡ ಹೋಟೆಲು. ಹೊರಗೆ ಗಾಜು, ಒಳಗೆ ಕಾಂಕ್ರೀಟ್ ಮಾಡಿನ ಕೆಳಗೆ ಹೆಂಚಿನ ಪುಟ್ಟ ಮಾಡು. ಮಳೆ ತಲುಪಲು ಸಾಧ್ಯವೇ ಇಲ್ಲದ ಜಾಗದಲ್ಲಿ ಅಚ್ಚುಕಟ್ಟಾಗಿ ಮಂಗಳೂರು ಹೆಂಚು ಹೊದಿಸಿದ್ದರು. ಗೋಡೆಗೆ ಗೊರಬು ತೂಗುಹಾಕಿ ಅದರ ಮೇಲೊಂದು ಸ್ಪಾಟ್‌ಲೈಟ್. ನಟ್ಟಿ ಗದ್ದೆಯಲ್ಲಿ ಬೆನ್ನು ಕಾಯುತ್ತಿದ್ದ ಗೊರಬಿಗೆ ಈಗ ಎಸಿ ಗಾಳಿ. ಭಾವ ಕಳಲೆ ಪಲ್ಯ ಕೇಳಿದರು. "ಖಾಲಿ ಸಾರ್, ಗೋಬಿ ಕೊಡ್ಲಾ?" ಅಂದ ಹುಡುಗ.

ಸಂಜೆ ಶಾಪಿಂಗಿನ ಕೊನೆಯ ಕಂತು, ಬಿ.ಎಚ್. ರಸ್ತೆಯ ಶೀಟಿನ ಅಂಗಡಿ. ನಮ್ಮ ಬಚ್ಚಲುಮನೆಗೆ ಎರಡು ಬೇಕಿತ್ತು. ಅಂಗಡಿಯವರು ನೀಲಿ, ಹಸಿರು ಬದಿಗಿಟ್ಟು ಕೆಂಪು ಬಣ್ಣದ್ದೊಂದನ್ನು ಎಳೆದರು. ತಗಡನ್ನೇ ಹೆಂಚಿನ ಅಚ್ಚಿಗೆ ಒತ್ತಿದ್ದಾರೆ, ಸಾಲು ಸಾಲು ಹೆಂಚಿನದೇ ಏರಿಳಿತ. "ಥೇಟ್ ಹೆಂಚಿನ ಮನೆ ಕಂಡಹಾಗೆ ಕಾಣ್ತದೆ ನೋಡಿ. ರೇಟು ಒಂದ್ಚೂರು ಜಾಸ್ತಿ."

ಪಕ್ಕದಲ್ಲಿ ಹೊಸನಗರ ಕಡೆಯ ಹಿರಿಯರೊಬ್ಬರು ಅದನ್ನೇ ಮನೆ ಪೂರ್ತಿಗೆ ಲೆಕ್ಕ ಹಾಕಿಸುತ್ತಿದ್ದರು. ಭಾವ ಕೇಳಿದರು, "ಹಳೇ ಹೆಂಚು ಏನು ಮಾಡಿದ್ರಿ ಸಾರ್?"

"ರೆಸಾರ್ಟಿನವ್ರು ಲಾರಿ ತಂದು ಹೊತ್ಕಂಡು ಹೋದ್ರು ಮಾರಾಯ್ರೆ. ಹೆಂಚು, ಮುಂಡಿಗೆ, ಹೆಬ್ಬಾಗಿಲು ಎಲ್ಲಾ. ಈಗ ಅದ್ರ ಅಡಿಗೆ ಒಂದು ರಾತ್ರಿ ಮಲಗಕ್ಕೆ ಆರು ಸಾವಿರವಂತೆ!"

ಭಾವ ಜೇಬಿನಿಂದ ಮೊಬೈಲ್ ತೆಗೆದರು. "ರೆಸಾರ್ಟ್ ಹೆಸರೇನಂದ್ರಿ?"