ಶೃಂಗೇರಿಗೆ ಎರಡು ಗಂಟೆ ಸಾಲದು

ಶೃಂಗೇರಿಗೆ ಹೋಗಿ ಬಂದೆವು ಅಂತ ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು ಒಂದೇ: "ಬಸದಿ ನೋಡಿದ್ರಾ?" ಹೆಚ್ಚಿನವರು "ಅಲ್ಲಿ ಬಸದಿ ಇದೆಯಾ?" ಅಂತ ನನ್ನನ್ನೇ ಕೇಳುತ್ತಾರೆ.

ಇದೆ. ಪೇಟೆಯ ನಡುವೆಯೇ ಇದೆ. ಪಾರ್ಶ್ವನಾಥ ಬಸದಿ, 12ನೇ ಶತಮಾನದ್ದು. ನಾವೆಲ್ಲ ಫೋಟೊ ತೆಗೆಯುವ ವಿದ್ಯಾಶಂಕರ ದೇವಸ್ಥಾನ ಎದ್ದಿದ್ದು 14ನೇ ಶತಮಾನದಲ್ಲಿ. ಅಷ್ಟು ಹಳೆಯ ಬಸದಿಯ ಮುಂದೆ ಜನ ತಿರುಗಿಯೂ ನೋಡದೆ ಹೋಗುತ್ತಾರಲ್ಲ, ಅದು ನನಗೆ ನಿಜವಾಗಿಯೂ ಬೇಜಾರು.

ನಮ್ಮ ಯಾತ್ರೆಯ ಕ್ರಮ ಗೊತ್ತಲ್ಲ. ಶಾರದಮ್ಮನ ದರ್ಶನ, ಮೀನಿಗೆ ಮಂಡಕ್ಕಿ, ಊಟ, ಮತ್ತೆ ಗಾಡಿ ಹತ್ತಿ ಹೊರನಾಡಿಗೆ. ದರ್ಶನ ಬೇಡ ಅಂತ ಯಾರೂ ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ತುಂಗೆಯ ಮೆಟ್ಟಿಲ ಮೇಲೆ ಕೂತರೆ ನನಗೂ ಏಳಲು ಮನಸ್ಸಾಗುವುದಿಲ್ಲ. ಬಿಸಿಲಲ್ಲಿ ಬಸುರಿ ಕಪ್ಪೆಗೆ ಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿದ್ದನ್ನು ಶಂಕರರು ಕಂಡರು ಎನ್ನುವ ಕಥೆ ಈ ದಡದ್ದೇ. ಆದರೆ ಊರು ಅಲ್ಲಿಗೇ ಮುಗಿಯುವುದಿಲ್ಲ.

ವಿದ್ಯಾಶಂಕರ ದೇವಸ್ಥಾನವನ್ನೇ ತಗೊಳ್ಳಿ. ಹೊರಗೆ ಒಂದು ಸುತ್ತು ಹಾಕಿ ಬರಬೇಡಿ, ಒಳಗೆ ಹೋಗಿ. 12 ಕಂಬ, ಒಂದೊಂದರಲ್ಲಿ ಒಂದೊಂದು ರಾಶಿ. ಸೂರ್ಯ ಯಾವ ರಾಶಿಯಲ್ಲಿದ್ದಾನೋ ಆ ಕಂಬಕ್ಕೇ ಬೆಳಗಿನ ಬಿಸಿಲು ಬೀಳುತ್ತದೆ ಅಂತ ಹೇಳುತ್ತಾರೆ. ಆ ಕಂಬಗಳ ಸಿಂಹದ ಬಾಯೊಳಗೆ ಕಲ್ಲಿನ ಗುಂಡು ಇದೆ. ಒಳಗೇ ಉರುಳುತ್ತದೆ, ಹೊರಗೆ ಬರುವುದಿಲ್ಲ. ಬೇರೆ ಕಲ್ಲು ತಂದು ಇಟ್ಟಿದ್ದಲ್ಲ, ಅದೇ ಕಲ್ಲಲ್ಲಿ ಬಾಯೊಳಗೇ ಕೆತ್ತಿ ಬಿಡಿಸಿದ್ದು. ಉಳಿ ಸ್ವಲ್ಪ ಜಾರಿದ್ದರೂ ಕಂಬವೇ ಹಾಳು, ಅಲ್ವಾ? ಆ ಕೈಗಳ ಹೆಸರು ಯಾರಿಗೂ ಗೊತ್ತಿಲ್ಲ.

1346ರಲ್ಲಿ ಹರಿಹರ, ಬುಕ್ಕ ಮತ್ತವರ ಸಹೋದರರು ಇಲ್ಲಿಗೆ ಬಂದು ಆಗ ಮಠದ ಗುರುಗಳಾಗಿದ್ದ ಭಾರತೀತೀರ್ಥರಿಗೆ ಭೂಮಿ ದಾನ ಕೊಟ್ಟರು. ಶಾಸನ ಇದೆ. ವಿಜಯನಗರ ಇನ್ನೂ ಹೊಸದಾಗಿ ಕಣ್ಣು ಬಿಡುತ್ತಿದ್ದ ಕಾಲ ಅದು.

ಇನ್ನೊಂದು ಸಂಗತಿ ಹೇಳಲೇಬೇಕು. 1791ರಲ್ಲಿ ಮರಾಠಾ ಸೈನ್ಯದ ಜೊತೆ ಬಂದವರು ಮಠವನ್ನು ಲೂಟಿ ಮಾಡಿದರು. ಸ್ವಾಮಿಗಳು ಕಾರ್ಕಳಕ್ಕೆ ಹೋಗಬೇಕಾಯಿತು. ಅಲ್ಲಿಂದ ಟಿಪ್ಪುವಿಗೆ ಪತ್ರ ಬರೆದರು. ಶಾರದೆಯನ್ನು ಮತ್ತೆ ಪ್ರತಿಷ್ಠೆ ಮಾಡಲು 200 ರಾಹತಿ (ಆಗಿನ ನಾಣ್ಯ) ನಗದು, ಅಷ್ಟೇ ಬೆಲೆಯ ಸಾಮಾನು ಕೊಡಿ ಅಂತ ಟಿಪ್ಪು ನಗರದ (ಹಳೆಯ ಬಿದನೂರು) ತನ್ನ ಅಧಿಕಾರಿಗೆ ಹೇಳಿ ಕಳಿಸಿದ. ಆ ಪತ್ರಗಳು ಕನ್ನಡದಲ್ಲಿವೆ, ಮಠದವರೇ ಜೋಪಾನವಾಗಿ ಇಟ್ಟಿದ್ದರು. 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವನ್ನು ಬೆಳಕಿಗೆ ತಂದರು. ಇವತ್ತು ಇದರ ಬಗ್ಗೆ ಸುಮ್ನೆ ಜಗಳ ಆಡುವವರೇ ಜಾಸ್ತಿ. ಪತ್ರದಲ್ಲಿ ಏನಿದೆ ಅಂತ ಓದಿದವರು ಕಡಿಮೆ. ಲೂಟಿ ಮಾಡಿದವರು ಯಾರು, ಕೈ ಹಿಡಿದವರು ಯಾರು ಅಂತ ಧರ್ಮ ನೋಡಿ ಊಹೆ ಮಾಡಿದರೆ ಇಲ್ಲಿ ಲೆಕ್ಕ ತಪ್ಪುತ್ತದೆ.

ಅದಕ್ಕೇ ಕೇಳಿಕೊಳ್ಳುವುದು, ಒಂದು ರಾತ್ರಿ ಉಳಿಯಿರಿ. ಸಂಜೆ ಪೇಟೆಯ ಪಕ್ಕದ ಗುಡ್ಡದ ಮೆಟ್ಟಿಲು ಹತ್ತಿ ಮಲಹಾನಿಕರೇಶ್ವರನ ಗುಡಿಗೆ ಹೋಗಿ. ಅಲ್ಲಿ ಒಂದು ಕಂಬದಲ್ಲಿ ಗಣಪತಿ ಇದ್ದಾನೆ. ಸ್ವಾಮಿಗಳೊಬ್ಬರು ಅರಿಶಿನದಲ್ಲಿ ಗೆರೆ ಎಳೆದಿದ್ದು ಹಾಗೇ ಮೂಡಿ ನಿಂತಿತು ಎನ್ನುವುದು ನಂಬಿಕೆ. ಇಳಿದು ಬಂದ ಮೇಲೆ ಬಸದಿಯ ಅಂಗಳದಲ್ಲಿ ಹತ್ತು ನಿಮಿಷ ಕೂತು ಬನ್ನಿ.