ಸ್ಪಷ್ಟನೆ: ನಂದಿಯ ಕಿವಿಯ ಹರಕೆ ನನ್ನ ಕಾದಂಬರಿಯದು

"ಚಾಮುಂಡಿ ಬೆಟ್ಟದ ನಂದಿಯ ಕಿವಿಯಲ್ಲಿ ಹುಣ್ಣಿಮೆ ದಿನ ಹೆಸರು ಹೇಳಿದರೆ, ಬಿಟ್ಟುಹೋದ ಪ್ರೀತಿ ಒಂಬತ್ತೇ ದಿನದಲ್ಲಿ ವಾಪಸ್" ಅಂತ ಒಂದು ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ಸ್ಥಳಪುರಾಣ ಅಲ್ಲ. ನಾನು ಬರೆಯುತ್ತಿರುವ ತಮಾಷೆಯ ಪ್ರೇಮ ಕಾದಂಬರಿಯ ಸಾಲು. ಹೋದ ತಿಂಗಳು ಸುಮ್ನೆ ಸ್ಟೇಟಸ್‌ಗೆ ಹಾಕಿದ್ದೆ, ಕಾದಂಬರಿಯದು ಅಂತ ಬರೆಯಲಿಲ್ಲ. ತಪ್ಪು ನನ್ನದೇ. ನಿನ್ನೆ ನಮ್ಮತ್ತೆಯೇ ಅದನ್ನು ನನಗೆ ಕಳಿಸಿದರು, ಮೂರು ಕೈಮುಗಿಯುವ ಚಿತ್ರದ ಜೊತೆ!

ಕಥೆಯಲ್ಲೂ ಆ ಹರಕೆ ಎಡವಟ್ಟಾಗುತ್ತದೆ. ಹುಡುಗಿ ಹೇಳಿದ ಹೆಸರಿನ ಬೇರೆ ಮೂವರು ಬಾಗಿಲಿಗೆ ಬರುತ್ತಾರೆ, ಬೇಕಾದವನು ಬರುವುದಿಲ್ಲ. ಆ ಭಾಗ ಮೆಸೇಜಿನಲ್ಲಿ ಇಲ್ಲ.

ಶಿವಾಲಯಗಳಲ್ಲಿ ನಂದಿಯ ಕಿವಿಯಲ್ಲಿ ಬೇಡಿಕೊಳ್ಳುವ ರೂಢಿ ಇದೆ, ನಾನು ಕದ್ದದ್ದು ಅಲ್ಲಿಂದಲೇ. ಹುಣ್ಣಿಮೆ, ಒಂಬತ್ತು ದಿನ ಎರಡೂ ನನ್ನ ಸೇರಿಕೆ. ಬೆಟ್ಟದ ನಂದಿ ದೊಡ್ಡದೇವರಾಜ ಒಡೆಯರ ಕಾಲದ್ದು (ಆಳಿದ್ದು 1659ರಿಂದ 1673). ಎತ್ತರ ಸುಮಾರು 15 ಅಡಿ. ನೆಲದಲ್ಲಿ ನಿಂತು ಅದರ ಕಿವಿಯಲ್ಲಿ ಪಿಸುಗುಟ್ಟುವುದು ಹೇಗೆ, ಅಲ್ವಾ? ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಹರಕೆ ಮಾತ್ರ ನಿಜವಾಗಿಯೂ ಇದೆ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಇದನ್ನೂ ಹಾಕಿ. ಅತ್ತೆಗೆ ನಾನೇ ಹೇಳುತ್ತೇನೆ.