ನರ್ಸ್ ಬೇಡ, ಜೊತೆ ಬೇಕು

ವಿಕ್ಟೋರಿಯಾ ಕಾಲದ ಹೆಂಗಸರ ಪತ್ರ ಅಂದ್ರೆ ಬರೀ ಬೈಬಲ್ಲು, ಕಣ್ಣೀರು, 'ಎಲ್ಲಾ ದೇವರ ಇಚ್ಛೆ' ಅಂತ ಮೂಗು ಮುರಿಯುವವರೇ ಜಾಸ್ತಿ. ಅಂಥವರು ಇಂಗ್ಲಿಷ್ ಕಾದಂಬರಿಕಾರ್ತಿ ಆನ್ ಬ್ರಾಂಟಿ 1849ರ ಏಪ್ರಿಲ್ 5ರಂದು ಎಲೆನ್ ನಸ್ಸಿಗೆ ಬರೆದ ಪತ್ರವನ್ನು ಒಮ್ಮೆ ಓದಬೇಕು.

ಇಂಗ್ಲೆಂಡಿನ ಯಾರ್ಕ್‌ಶೈರಿನ ಹಾವರ್ತ್‌ನಲ್ಲಿ ಪಾದ್ರಿ ಅಪ್ಪನ ಮನೆ. ಹಿಂದಿನ ಸೆಪ್ಟೆಂಬರಿನಲ್ಲಿ ಅಣ್ಣ ಬ್ರಾನ್ವೆಲ್ ತೀರಿಹೋಗಿದ್ದ. ಡಿಸೆಂಬರಿನಲ್ಲಿ ಅಕ್ಕ ಎಮಿಲಿ. ಜನವರಿಯಲ್ಲಿ ಡಾಕ್ಟರು ಆನ್‌ಗೂ ಕ್ಷಯ ಎಂದರು. ಪಕ್ಕೆಗೆ ಬೊಬ್ಬೆ ಏಳಿಸುವ ಪಟ್ಟಿ ಹಾಕಿದರು, ಕಾಡ್ ಲಿವರ್ ಎಣ್ಣೆ ಕುಡಿಸಿದರು. ಅದರ ವಾಸನೆ, ರುಚಿ ಎರಡೂ ತಿಮಿಂಗಿಲದ ಎಣ್ಣೆಯಂತೆ ಅಂತ ಇನ್ನೊಬ್ಬ ಅಕ್ಕ ಶಾರ್ಲೆಟ್ ಬರೆದಿದ್ದಾಳೆ.

ಎಲೆನ್ ಅಸಲಿಗೆ ಶಾರ್ಲೆಟ್‌ನ ಗೆಳತಿ. 1831ರಲ್ಲಿ ರೋ ಹೆಡ್ ಶಾಲೆಯಲ್ಲಿ ಸಿಕ್ಕವಳು, ತುಂಬಾ ದೈವಭಕ್ತೆ. ನಿನ್ನ ಜೊತೆಗಿದ್ದು ದಿನಾ ಬೈಬಲ್ ಓದಿದರೆ ನಾನೂ ಒಳ್ಳೆಯವಳಾಗುತ್ತಿದ್ದೆನೇನೋ ಎಂದು ಇಪ್ಪತ್ತರ ಶಾರ್ಲೆಟ್ ಅವಳಿಗೆ ಬರೆದಿದ್ದಳು. ಆ ಸ್ನೇಹಕ್ಕೆ ನಂಬಿಕೆಯೇ ಬೇರು.

ಕಾಯಿಲೆ ಬಿದ್ದ ಆನ್ ಅದೇ ಎಲೆನ್‌ಗೆ ಬರೆಯುತ್ತಾಳೆ. ಸಮುದ್ರದ ಗಾಳಿಗೆ ಹೋಗಬೇಕು, ನೀವು ಬರ್ತೀರಾ? ನರ್ಸ್ ಆಗಿ ಅಲ್ಲ, ಜೊತೆಗಾಗಿ. ಜಾಗ ಬದಲಾಯಿಸೋದನ್ನ ಮುಂದೂಡಿ ಮುಂದೂಡಿಯೇ ಕ್ಷಯದವರು ಕೈತಪ್ಪುತ್ತಾರೆ ಎಂದು ಡಾಕ್ಟರು ಹೇಳ್ತಾರೆ, ಅದಕ್ಕೇ ಆತುರ. ಸಾವೆಂದರೆ ನನಗೆ ದಿಗಿಲಿಲ್ಲ. ಉಳಿಯೋದಿಲ್ಲ ಅಂತಾದರೆ ಒಪ್ಪಿಕೊಂಡೇನು, ನನ್ನ ಬದಲಿಗೆ ನೀವು ಶಾರ್ಲೆಟ್‌ಗೆ ತಂಗಿಯಾಗಿರಿ. ಆದರೂ ದೇವರು ಉಳಿಸಲಿ ಅಂತ ಆಸೆ. ಅಪ್ಪ, ಶಾರ್ಲೆಟ್‌ಗಾಗಿ ಮಾತ್ರ ಅಲ್ಲ, ಲೋಕಕ್ಕೆ ಒಂದಿಷ್ಟು ಒಳ್ಳೆಯದು ಮಾಡಬೇಕು, ತಲೆಯಲ್ಲಿ ಸಣ್ಣಪುಟ್ಟ ಯೋಜನೆಗಳಿವೆ. ಪತ್ರದ ಸಾರ ಇಷ್ಟು. ಇಷ್ಟೆಲ್ಲ ಹೇಳಿಕೊಂಡರೂ ಕರೆಯೋದು ಮಾತ್ರ 'ಮಿಸ್ ನಸ್ಸಿ' ಅಂತಲೇ!

ಇದು ದೇವರ ಮೇಲೆ ಭಾರ ಹಾಕಿ ಸುಮ್ನಾಗುವವರ ಮಾತಲ್ಲ, ಅಲ್ವಾ? 'ಸಾಯಲು ಹೆದರಲ್ಲ', 'ಬದುಕಲು ಆಸೆ', ಎರಡನ್ನೂ ಒಂದೇ ಉಸಿರಿನಲ್ಲಿ ಹೇಳೋದು ಸುಲಭವಲ್ಲ. ಮನೆಯವರ ಮುಂದೆ ಧೈರ್ಯದ ಮುಖ ಹೊತ್ತಿರಬೇಕು. ಭಕ್ತಿ ಇಲ್ಲದವರ ಮುಂದೆ ಭಕ್ತಿಯನ್ನೇ ಸಮರ್ಥಿಸಿಕೊಳ್ಳಬೇಕು. ಅದೇ ದೇವರನ್ನು ನಂಬುವ ಗೆಳತಿಯ ಹತ್ತಿರ ಆ ಕಷ್ಟ ಇಲ್ಲ. ನಾವಾದ್ರೂ ಆಸ್ಪತ್ರೆಗೆ ಹೋದಾಗ 'ಏನೂ ಆಗಲ್ಲ, ದೇವರಿದ್ದಾನೆ' ಅಂದು ರೋಗಿಯ ಬಾಯಿ ಮುಚ್ಚಿಸಿ ಬರ್ತೀವಿ.

ಎಲೆನ್ ಹೋದಳು, ಶಾರ್ಲೆಟ್ ಕೂಡ. ಖರ್ಚಿಗೆ ಆನ್‌ಗೆ ಅವಳ ಧರ್ಮಮಾತೆ (ಗಾಡ್‌ಮದರ್) ಬಿಟ್ಟುಹೋಗಿದ್ದ 200 ಪೌಂಡ್ ಇತ್ತು. ಮೇ 25ಕ್ಕೆ ಸಮುದ್ರತೀರದ ಊರು ಸ್ಕಾರ್ಬರೋ ತಲುಪಿದರು. ಮರುದಿನ ಆನ್ ಮರಳದಂಡೆಯಲ್ಲಿ ಕತ್ತೆಗಾಡಿಯನ್ನು ತಾನೇ ಓಡಿಸಿದಳು, ಪಾಪ ಕತ್ತೆಗೆ ಆಯಾಸವಾಗದಿರಲಿ ಅಂತ. 28ಕ್ಕೆ ತೀರಿಕೊಂಡಳು. ವಯಸ್ಸು 29. ಧೈರ್ಯ ತಂದುಕೋ ಅಂತ ಶಾರ್ಲೆಟ್‌ಗೇ ಹೇಳಿದಳಂತೆ. ಇದನ್ನು ಬರೆದಿಟ್ಟವಳೂ ಎಲೆನ್.

1854ರಲ್ಲಿ ಶಾರ್ಲೆಟ್‌ನ ಗಂಡ, ಶಾರ್ಲೆಟ್ ಬರೆಯುವ ಪತ್ರಗಳು ಬೆಂಕಿಕಡ್ಡಿಯಷ್ಟು ಅಪಾಯ, ಸುಟ್ಟುಹಾಕಿ ಅಂತ ಎಲೆನ್‌ನಿಂದ ಮಾತು ತಗೊಂಡ. ಅವಳು ಹೂಂ ಅಂದಳು, ನೂರಾರು ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಂಡಳು. ಅಷ್ಟು ದೈವಭಕ್ತೆ ಮಾತಿಗೆ ತಪ್ಪಿದ್ದಕ್ಕೆ ನನಗಂತೂ ಖುಷಿ.